ಹುಳದ ರೈಟರ ಮನೆಯಲ್ಲಿ ನಾಲ್ಕು ದಿನ

ಸೇತುವೆ

ಕೊಡಗಿಗೆ ಹೊರಟಿದ್ದೇನೆ ಎಂದಾಗ ಧಾರವಾಡದ ನಮ್ಮ ಓಣಿಯವರು ಪರದೇಶಕ್ಕೆ ಹೊರಟವಳನ್ನು ನೋಡುವಂತೆ ನನ್ನನ್ನು ನೋಡಿದರು. ಅವರ ತಪ್ಪೇನಿಲ್ಲ. ಆಗ ನಾವು ಮುಂಬಯಿ ರಾಜ್ಯಕ್ಕೆ ಸೇರಿದವರು. ನಡುವೆ ಮೈಸೂರು ರಾಜ್ಯ. ಅದನ್ನೂ ದಾಟಿದ ಮೇಲೆ ಕೊಡಗು ಎಂಬ ಪುಟ್ಟ ರಾಜ್ಯ, ಅದಕ್ಕೆ ಅದರದೇ ಮಂತ್ರಿಗಳು. ಮೂರೂ ಕಡೆ ಕನ್ನಡವಿದೆ, ಆದರೆ ಒಂದು ಕಡೆಯ ಕನ್ನಡವನ್ನು ಇನ್ನೊಂದು ಕಡೆ ಎರಡೆರಡು ಸಲ ಹೇಳಬೇಕಾಗುತ್ತದೆ.

ನಾನು ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದೆ. ಕಾಲೇಜಿನಲ್ಲಿ ನನಗೆ ಪ್ರಾಣಿಶಾಸ್ತ್ರ ಹೇಳಿಕೊಟ್ಟ ಮುದಿ ಪ್ರೊಫೆಸರರಿಗೆ ಸಿದ್ದಾಪುರದ ಹತ್ತಿರದ ಒಂದು ಕಾಫಿ ಎಸ್ಟೇಟಿನಿಂದ ಎರಡು ವರ್ಷಗಳಿಂದ ಕಾಗದಗಳು ಬರುತ್ತಿದ್ದವು. ಬರೆಯುತ್ತಿದ್ದವರು ಶಿವಲಿಂಗಪ್ಪ ಎಂಬ ನಿವೃತ್ತ ರೈಟರು. ಎಸ್ಟೇಟಿನಲ್ಲಿ ರೈಟರೆಂದರೆ ಆಳುಗಳ ಹಾಜರಿ ಹಾಕುವ, ಉಗ್ರಾಣ ನೋಡಿಕೊಳ್ಳುವ ಗುಮಾಸ್ತ. ಈ ಮನುಷ್ಯ ಅಲಸಂದೆ ಕಾಳಿಗೆ ಬೀಳುವ ಹುಳಗಳನ್ನು ಬಾಟಲಿಗಳಲ್ಲಿ ಸಾಕಿ, ಯಾವ ಗಂಡಿನ ಮರಿಗಳು ಬದುಕುತ್ತವೆ, ಯಾವುದರ ಮರಿಗಳು ಸಾಯುತ್ತವೆ ಎಂದು ತಲೆಮಾರಿನಿಂದ ತಲೆಮಾರಿಗೆ ಬರೆದಿಟ್ಟಿದ್ದರಂತೆ.

"ಇಂವ ಖರೇನ ಏನೋ ಕಂಡಾನ, ಇಲ್ಲಾ ತಲಿ ಕೆಟ್ಟದ. ನನಗ ಅಷ್ಟು ದೂರ ಆಗೂದಿಲ್ಲ. ನೀ ಹೋಗಿ ನೋಡಿ ಬಾ," ಎಂದರು ಪ್ರೊಫೆಸರರು.

ಕ್ರಿಸ್‌ಮಸ್ ರಜೆ ಬಂದಿತ್ತು. ಆ ಚಳಿಗಾಲ ಮನೆಯಲ್ಲಿರಲು ನನಗೂ ಮನಸ್ಸಿರಲಿಲ್ಲ. ಹೊರಟೆ.

ಕುಶಾಲನಗರದ ಹತ್ತಿರ ಕಾವೇರಿಯ ಸೇತುವೆಯ ಮೇಲೆ ರಾಜ್ಯ ಬದಲಾಗುತ್ತದೆ. ಆಗಿನ್ನೂ ಧಾನ್ಯದ ಕಂಟ್ರೋಲಿನ ಕಾಲ. ಬಸ್ಸು ಹತ್ತಿದ ಕಾವಲಿನವನು ನನ್ನ ಕೈಚೀಲ ಬಿಚ್ಚಿಸಿದ. ಒಳಗೆ ಎರಡು ಸೇರು ಅಲಸಂದೆ, ಹುಳ ಮುಟ್ಟದ ಚೊಕ್ಕ ಕಾಳು.

"ಇದ್ಯಾಕಮ್ಮ?"

"ಹುಳಕ್ಕರಿ."

"ಹುಳ ಬಿದ್ದಿದ್ಯಾ?"

"ಇನ್ನೂ ಇಲ್ರಿ. ಬೀಳಸಬೇಕು."

ಇಡೀ ಬಸ್ಸು ನಕ್ಕಿತು. ಅವನು ನನ್ನ ಮುಖವನ್ನೊಮ್ಮೆ, ಕಾಳನ್ನೊಮ್ಮೆ ನೋಡಿ ಚೀಲ ಕಟ್ಟಿಕೊಟ್ಟ. ಕೆಳಗೆ ನದಿ ಕಾಣಿಸಲಿಲ್ಲ. ಬೆಳಗಿನ ಒಂಬತ್ತು ಗಂಟೆಗೂ ಮಂಜು ಸೇತುವೆಯ ಕೆಳಗೆ ಹತ್ತಿಯಂತೆ ತುಂಬಿಕೊಂಡಿತ್ತು. ನೀರಿನ ಸದ್ದು ಮಾತ್ರ ಬರುತ್ತಿತ್ತು.

ಸಿದ್ದಾಪುರ

ಸಿದ್ದಾಪುರದಲ್ಲಿ ಇಳಿದವಳು ಒಂದು ಚಹಾದಂಗಡಿಗೆ ಹೋಗಿ ದಾರಿ ಕೇಳಿದೆ. ಅಂಗಡಿಯವನು ಮಲಯಾಳಿ. ಗ್ಲಾಸು ತೊಳೆಯುವುದನ್ನು ನಿಲ್ಲಿಸಿದ.

"ಹುಳದ ರೈಟರ ಮನೆಗಾ? ಹೋಗಿ. ಸಣ್ಣ ಮಕ್ಕಳು ಇದ್ರೆ ಮಾತ್ರ ಕರ್ಕೊಂಡು ಹೋಗ್ಬೇಡಿ."

"ನನಗ ಮಕ್ಕಳಿಲ್ರಿ."

"ಹಂಗಾದ್ರೆ ಪೇಡಿ ಇಲ್ಲ."

ಧಾರವಾಡದವಳ ಕಿವಿಗೆ ಅದು ಪೇಡೆ ಎಂದು ಕೇಳಿಸಿತು. "ಅದಾವಲ್ಲರಿ, ಒಂದು ಡಬ್ಬಿ ತಂದೀನಿ," ಎಂದೆ. ಅವನು ನನ್ನನ್ನು ವಿಚಿತ್ರವಾಗಿ ನೋಡಿದ. ಪೇಡಿ ಎಂದರೆ ಅವರ ಮಾತಿನಲ್ಲಿ ಹೆದರಿಕೆ ಎಂಬುದು ನನಗೆ ಗೊತ್ತಾದದ್ದು ಎರಡು ದಿನ ಬಿಟ್ಟು.

ಎಸ್ಟೇಟಿನ ದಾರಿಯಲ್ಲಿ ಕಾಫಿ ಹಣ್ಣಿನ ಪಿಕಿಂಗ್ ನಡೆದಿತ್ತು. ನಮ್ಮ ಕಡೆ ಸುಗ್ಗಿ ಎಂದರೆ ಬಯಲು, ಬಿಸಿಲು, ದೂರದಿಂದಲೇ ಕೇಳುವ ಹಾಡು. ಇಲ್ಲಿ ನೂರು ಜನ ಹಣ್ಣು ಕೀಳುತ್ತಿದ್ದರೂ ಒಬ್ಬರೂ ಕಾಣುವುದಿಲ್ಲ. ಗಿಡಗಳ ಒಳಗಿಂದ ಮಾತು ಬರುತ್ತದೆ, ತಮಿಳಿನಲ್ಲೊಂದು, ತುಳುವಿನಲ್ಲೊಂದು, ಎಲೆ ಅಲುಗುತ್ತದೆ, ಅಷ್ಟೆ. ಎರಡು ಮರಗಳ ನಡುವೆ ಸೀರೆಯ ಜೋಳಿಗೆ ಕಟ್ಟಿ ಕೂಸನ್ನು ಮಲಗಿಸಿದ್ದ ಒಬ್ಬ ಹೆಂಗಸು ನನ್ನ ಕಣ್ಣಿಗೆ ಬಿದ್ದಳು. ರೈಟರ ಮನೆ ಯಾವುದು ಎಂದು ಕೇಳಿದೆ. ಅವಳು ಮೊದಲು ಜೋಳಿಗೆಯ ಬಾಯಿ ಮುಚ್ಚಿದಳು. ಆಮೇಲೆ ಕೈ ಎತ್ತಿ ತೋರಿಸಿದಳು.

ಮೊದಲನೆಯ ದಿನ

ಕಾಫಿ ಒಣಗಿಸುವ ಕಣದ ಅಂಚಿಗೆ ಹೆಂಚಿನ ಸಣ್ಣ ಮನೆ. ಶಿವಲಿಂಗಪ್ಪ ಗೇಟಿಗೇ ಬಂದರು. ಅರವತ್ತು ದಾಟಿದ ತೆಳ್ಳನೆಯ ಮನುಷ್ಯ, ಮಡಿಕೆ ಕೆಡದ ಬಿಳಿ ಅಂಗಿ, ಹಣೆಯಲ್ಲಿ ವಿಭೂತಿ. ಊರು ಶನಿವಾರಸಂತೆಯ ಕಡೆ. ಅವರ ಹೆಂಡತಿ ಗೌರಮ್ಮ ನೀರು ಕೊಟ್ಟರು. ಮಗಳು ಪಾರ್ವತಿ, ಇಪ್ಪತ್ತರ ಹುಡುಗಿ, ನನ್ನ ಚೀಲ ತೆಗೆದುಕೊಂಡು ಒಳಗಿಟ್ಟಳು. ನನ್ನ ಮಾತು ಕೇಳಿ ತಾಯಿ ಮಗಳು ಒಬ್ಬರನ್ನೊಬ್ಬರು ನೋಡಿ ಮುಗುಳ್ನಕ್ಕರು. ರೈಟರು ನಗಲಿಲ್ಲ. ನನ್ನನ್ನು ನೇರವಾಗಿ ಪಕ್ಕದ ಕೋಣೆಗೆ ಕರೆದೊಯ್ದರು.

ಆ ಕೋಣೆಯಲ್ಲಿ ನನಗೆ ಮೊದಲು ತಾಕಿದ್ದು ಸದ್ದು. ಬಹಳ ದೂರದಲ್ಲಿ ಯಾರೋ ಒಣ ಎಲೆಗಳ ಮೇಲೆ ನಿಲ್ಲದೆ ನಡೆಯುತ್ತಿರುವಂತಿತ್ತು. ಮೂರು ಗೋಡೆಗೂ ಹಲಗೆ, ಹಲಗೆಯ ತುಂಬ ಔಷಧಿಯ ಸೀಸೆಗಳು, ಬಾಯಿಗೆ ಬಟ್ಟೆ ಕಟ್ಟಿದವು. ಪ್ರತಿಯೊಂದರಲ್ಲಿ ಒಂದು ಹಿಡಿ ಅಲಸಂದೆ, ಅದರ ಮೇಲೆ ಎಳ್ಳಿನಷ್ಟು ದೊಡ್ಡ ಕಂದು ಹುಳಗಳು. ಸಾವಿರಾರು ಕಾಲುಗಳು ಕಾಳಿನ ಮೇಲೆ ಓಡಾಡುವ ಸದ್ದು ಅದು. ಸೀಸೆಗಳಿಗೆ ಅಂಟಿಸಿದ ಚೀಟಿಗಳಲ್ಲಿ ಮನುಷ್ಯರ ಹೆಸರುಗಳಿದ್ದವು: ವೀರಪ್ಪ, ಬಸವಣ್ಣಿ, ಚನ್ನಪ್ಪ.

ನಾನು ಹಲಗೆಗಳನ್ನು ನೋಡುತ್ತ ಹೋದೆ. ಕಿಟಕಿಯ ಪಕ್ಕದ ಮೂಲೆಯಲ್ಲಿ ಒಂದು ಸೀಸೆ ಸುಮ್ಮನಿತ್ತು. ಒಳಗೆ ಒಂದು ಹುಳವೂ ಓಡಾಡುತ್ತಿರಲಿಲ್ಲ. ಅದನ್ನೇ ಕೈಗೆತ್ತಿಕೊಂಡು ಬೆಳಕಿಗೆ ಹಿಡಿದೆ. ಚೀಟಿಯಲ್ಲಿ 'ಶಿವಲಿಂಗ' ಎಂದಿತ್ತು.

"ಅದು ನಂದೇ," ಎಂದರು ರೈಟರು, ಕೊಡೆ ಯಾರದೆಂದು ಹೇಳುವಷ್ಟು ಸಹಜವಾಗಿ.

ಬಾಗಿಲಲ್ಲಿ ನಿಂತಿದ್ದ ಗೌರಮ್ಮ ನನ್ನನ್ನು ದಿಟ್ಟಿಸುತ್ತಿದ್ದರು. ರೈಟರು ನೋಟುಪುಸ್ತಕ ತರಲು ಹೋದಾಗ ಹತ್ತಿರ ಬಂದರು.

"ನಿಮ್ಮದು ಎಷ್ಟು ಹೋದ್ವು?"

ಸೀಸೆಯನ್ನು ಹಲಗೆಯ ಮೇಲಿಟ್ಟೆ. ಎರಡು ಕೂಸು, ಎಂದೆ. ಧಾರವಾಡದಲ್ಲಿ ಈ ಪ್ರಶ್ನೆಯನ್ನು ನನಗೆ ಯಾರೂ ಕೇಳಿರಲಿಲ್ಲ. ಗೊತ್ತಿದ್ದವರು ಬೇರೆ ಮಾತು ತೆಗೆಯುತ್ತಿದ್ದರು. ನಿಮಗೆ ಹೇಗೆ ತಿಳಿಯಿತು ಎಂದು ಕೇಳಿದೆ.

"ಬಂದೋರೆಲ್ಲ ಹುಳ ಓಡಾಡೋ ಸೀಸೆ ನೋಡ್ತಾರೆ. ಸುಮ್ಮನಿರೋದನ್ನ ಎತ್ತಿಕೊಂಡೋರು ನೀವೇ ಮೊದಲು," ಎಂದು ಹೇಳಿ ಅವರು ಅಡುಗೆಮನೆಗೆ ಹೋದರು.

ಎರಡನೆಯ ದಿನ

ಈ ಹುಳದ ಬದುಕು ಹೀಗೆ. ಹೆಣ್ಣು ಕಾಳಿನ ಮೇಲೆ ಮೊಟ್ಟೆ ಅಂಟಿಸುತ್ತದೆ. ಮರಿ ಅಲ್ಲಿಂದಲೇ ಕಾಳಿನೊಳಕ್ಕೆ ಕೊರೆದು ಇಳಿದರೆ ಮೊಟ್ಟೆಯ ಜಾಗ ಸುಣ್ಣದ ಚುಕ್ಕೆಯಂತೆ ಬೆಳ್ಳಗಾಗುತ್ತದೆ. ಒಳಗೇ ತಿಂದು ಬೆಳೆದ ಮರಿ ಹೊರಬರುವ ಮುಂಚೆ ಸಿಪ್ಪೆಯನ್ನು ಒಳಗಿಂದ ಗುಂಡಗೆ ತೆಳುಮಾಡುತ್ತದೆ. ರೈಟರು ಅದನ್ನು ಕಿಟಕಿ ಎನ್ನುತ್ತಿದ್ದರು. ಕೆಲವು ದಿನಗಳಲ್ಲಿ ಕಿಟಕಿ ಒಡೆದು ಹುಳ ಹೊರಗೆ ಬರುತ್ತದೆ.

'ಶಿವಲಿಂಗ' ಸೀಸೆಯ ಕಾಳುಗಳಲ್ಲಿ ಬಿಳಿ ಚುಕ್ಕೆ ಇತ್ತು, ಕಿಟಕಿಯೂ ಮೂಡಿತ್ತು. ತೆರೆದಿರಲಿಲ್ಲ. ನಾನು ಸೂಜಿಯಿಂದ ಒಂದು ಕಾಳಿನ ಕಿಟಕಿ ಎಬ್ಬಿಸಿ ಭೂತಗನ್ನಡಿ ಹಿಡಿದೆ. ಒಳಗೆ ಪೂರ್ತಿ ಬೆಳೆದ ಹುಳವಿತ್ತು. ಕಣ್ಣು, ಮೀಸೆ, ಎದೆಗೆ ಮಡಚಿಕೊಂಡ ಆರು ಕಾಲು, ಯಾವುದಕ್ಕೂ ಕೊರತೆಯಿಲ್ಲ. ಹಣೆ ಕಿಟಕಿಗೆ ಒತ್ತಿಕೊಂಡೇ ಸತ್ತಿತ್ತು. ಇನ್ನೊಂದು ಕಾಳು ತೆರೆದೆ. ಅದೇ. ಮೂರನೆಯದನ್ನು ತೆರೆಯಲು ಕೈ ಬರಲಿಲ್ಲ.

"ಯುದ್ಧದ ಟೈಮಲ್ಲಿ ಲೈನಿನವರಿಗೆ ಕೊಡೋ ಅಲಸಂದೆಗೆಲ್ಲ ಹುಳ ಬಿತ್ತು," ಎಂದರು ರೈಟರು. ಲೈನು ಎಂದರೆ ಆಳುಗಳ ಸಾಲುಮನೆ. "ಆರಿಸ್ತಾ ಕೂತಿದ್ದಾಗ ಇಂಥ ಕಾಳು ಸಿಕ್ತು. ಆ ವಾರಾನೇ ನಮ್ಮ ಕೊನೇ ಮಗು ಹೋಗಿತ್ತು. ಎಂಟು ದಿನ ಇತ್ತು. ಚೆನ್ನಾಗೇ ಇತ್ತು ಟೀಚರಮ್ಮ, ಏನೂ ಕಮ್ಮಿ ಇರ್ಲಿಲ್ಲ. ಪಾರ್ವತಿಗೆ ಮುಂಚೆ ಮೂರು, ಆಮೇಲೆ ಮೂರು. ನಮ್ಮಪ್ಪನಿಗೂ ಹಂಗೇ. ಒಂಬತ್ತರಲ್ಲಿ ಉಳಿದೋನು ನಾನೊಬ್ಬ."

ಅಂದಿನಿಂದ ಅವರು ಹುಳಗಳನ್ನು ಜೋಡಿ ಮಾಡತೊಡಗಿದ್ದರು. ಒಂದೇ ತಾಯಿಯ ಹೆಣ್ಣುಗಳನ್ನು ಬೇರೆ ಬೇರೆ ಗಂಡುಗಳ ಜೊತೆ ಮುಚ್ಚಿಟ್ಟು, ಸೀಸೆಗೆ ಆ ಗಂಡಿಗಿಟ್ಟ ಹೆಸರು ಅಂಟಿಸುವುದು. ಒಂದು ಗಂಡಿನ ಸೀಸೆ ತುಂಬಿಹೋಗುತ್ತಿತ್ತು, ಇನ್ನೊಂದರದು ಕಿಟಕಿಯ ಹಂತದಲ್ಲೇ ನಿಂತುಬಿಡುತ್ತಿತ್ತು. ನಿಂತ ಸೀಸೆಯಿಂದ ಹೇಗೋ ಹೊರಬಿದ್ದ ಒಂದೆರಡು ಗಂಡುಗಳನ್ನು ಮುಂದಿನ ಜೋಡಿಗೆ ಹಾಕಿದರೆ ಅವುಗಳದ್ದೂ ಅಪ್ಪನ ದಾರಿಯೇ. ಲೈನಿನ ಹೆಂಗಸರನ್ನೂ ಅವರು ಬಿಟ್ಟಿರಲಿಲ್ಲ. ನಿಂದು ಎಷ್ಟು ಹೋದ್ವು, ನಿನ್ನ ಮಾವನದು ಎಷ್ಟು ಹೋದ್ವು ಎಂದು ಕೇಳುತ್ತ ತಿರುಗಿದ್ದರು. ಜೋಳಿಗೆಗಳ ಬಾಯಿ ಮುಚ್ಚುತ್ತಿದ್ದದ್ದು ಅದಕ್ಕೇ.

ನೋಟುಪುಸ್ತಕಗಳಲ್ಲಿ ತಪ್ಪು ಹುಡುಕಬೇಕೆಂದು ಕುಳಿತೆ. ಮಧ್ಯಾಹ್ನದವರೆಗೂ ದೊಡ್ಡದೇನೂ ಸಿಗಲಿಲ್ಲ. ಆಮೇಲೆ ಇನ್ನೊಂದು ವಿಷಯ ಗಮನಕ್ಕೆ ಬಂತು. ನಾನು ಹುಡುಕುವುದನ್ನು ನಿಲ್ಲಿಸಿ ಅವರ ಮಾತು ನಿಜವಾಗಲಿ ಎಂದು ಬಯಸುತ್ತಿದ್ದೆ. ನನ್ನ ಅತ್ತೆಯವರೂ ಕೂಸುಗಳನ್ನು ಕಳೆದುಕೊಂಡವರು ಎಂದು ಯಾರೋ ಅಂದದ್ದು ನೆನಪಿತ್ತು. ಹಾಗಾದರೆ ಅದು ನನ್ನ ಗಂಡನಿಂದ ಇಳಿದು ಬಂದದ್ದು, ನನ್ನಿಂದಲ್ಲ. ಆ ಯೋಚನೆ ಬಂದೊಡನೆ ಮೈಯೆಲ್ಲ ಹಗುರಾಯಿತು. ಹಗುರಾದದ್ದಕ್ಕೆ ಹೆದರಿಕೆಯಾಯಿತು.

ಊಟವಾದ ಮೇಲೆ ರೈಟರು ಒಂದು ಬಿಳಿ ಹಾಳೆ, ಶಾಯಿ, ಲೇಖನಿ ತಂದು ನನ್ನ ಮುಂದಿಟ್ಟರು.

"ನಾಡಿದ್ದು ಶನಿವಾರಸಂತೆಯಿಂದ ಹುಡುಗ ಬರ್ತಾನೆ. ಮಹಾದೇವ ಅಂತ, ಮೇಷ್ಟ್ರು. ಪಾರ್ವತೀನ ನೋಡಿ ಹೋಗಿದ್ದಾನೆ, ಈಗ ನಮ್ಮ ಉತ್ತರ ಕೇಳ್ತಾನೆ. ಹಿಂದೆ ಮೂರು ಸಂಬಂಧ ಏನೇನೋ ನೆಪ ಹೇಳಿ ನಾನೇ ತಪ್ಪಿಸ್ದೆ. ಈ ಸಾವು ನನ್ನಿಂದ ಅವಳಿಗೆ ಬಂದಿರುತ್ತೆ. ಅವಳೂ ಆರಾರು ಸಲ ಮಣ್ಣು ಮಾಡೋದು ಬೇಡ. ನಾನು ಹೇಳಿದ್ರೆ ಹುಚ್ಚು ಅಂತಾರೆ. ಕಾಲೇಜು ಓದಿದೋರು ನೀವು ಬರೆದು ಸಹಿ ಹಾಕಿದ್ರೆ ನಂಬ್ತಾರೆ."

ಪಾರ್ವತಿ ಬಾಗಿಲ ಬಳಿ ಅಕ್ಕಿ ಆರಿಸುತ್ತಿದ್ದಳು. ತಲೆ ಎತ್ತದೆ, "ಬರೆದುಕೊಡಿ ಟೀಚರಮ್ಮ. ಒಂದ್ಸಲ ತೀರ್ಮಾನ ಆಗ್ಲಿ," ಎಂದಳು.

ನಾಳೆ ಹೇಳುತ್ತೇನೆ ಎಂದೆ. ಕೋಣೆಯ ಆ ಸದ್ದು ಗೋಡೆ ದಾಟಿ ಕೇಳಿಸುತ್ತಿತ್ತು.

ಮೂರನೆಯ ದಿನ

ಬೆಳಗ್ಗೆ ಎದ್ದಾಗ ಒಂದು ಸಂಗತಿ ಹೊಳೆಯಿತು. ಅಷ್ಟು ವರ್ಷಗಳ ಜೋಡಿಗಳಲ್ಲಿ ಯಾವ ಹೆಣ್ಣಿಗೂ ರೈಟರು ಆಯ್ಕೆ ಕೊಟ್ಟಿರಲಿಲ್ಲ. ಒಂದು ಸೀಸೆ, ಒಂದು ಗಂಡು, ಒಂದು ಹೆಣ್ಣು.

"ಹೆಣ್ಣು ತಾನೇ ಆರಿಸಿದರ ಏನಾಗತದ, ನೋಡೂಣರಿ," ಎಂದೆ.

"ಹುಳ ಏನು ಆರಿಸುತ್ತೆ?" ಎಂದರು ಅವರು. ಆದರೂ ಕುತೂಹಲಕ್ಕೆ ಒಪ್ಪಿದರು.

ಗೌರಮ್ಮ ಸುಣ್ಣವನ್ನೂ ಅಂಟಿನಲ್ಲಿ ಕಲಸಿದ ಕುಂಕುಮವನ್ನೂ ತಂದುಕೊಟ್ಟರು. ಮರಿಗಳು ಸಾಯುವ ಸಂತತಿಗಳಲ್ಲಿ ಹೊರಬಿದ್ದಿದ್ದ ಗಂಡುಗಳ ಬೆನ್ನಿಗೆ ಸೂಜಿಮೊನೆಯಿಂದ ಬಿಳಿ ಚುಕ್ಕೆ, ಬದುಕಿದ ಸಂತತಿಯವಕ್ಕೆ ಕೆಂಪು. ಊಟದ ತಟ್ಟೆಯಲ್ಲಿ ಎರಡೂ ಬಗೆಯ ಗಂಡುಗಳನ್ನು ಬಿಟ್ಟು, ಇನ್ನೂ ಗಂಡು ಕಾಣದ ಒಂದು ಹೆಣ್ಣನ್ನು ಇಳಿಸಿ ಮೇಲೆ ಗಾಜು ಮುಚ್ಚಿದೆವು. ನಾಲ್ವರೂ ತಟ್ಟೆಯ ಸುತ್ತ ನೆಲದ ಮೇಲೆ ಕುಳಿತೆವು. ಕಿಟಕಿಯ ಹೊರಗೆ ಮಂಜು ಎಷ್ಟು ಒತ್ತಾಗಿತ್ತೆಂದರೆ ಹತ್ತು ಮಾರು ದೂರದ ಕಣವೂ ಇಲ್ಲವಾಗಿತ್ತು.

ಬಿಳಿ ಚುಕ್ಕೆಯ ಗಂಡು ಹತ್ತಿರ ಬಂದಿತು. ಹೆಣ್ಣು ಹಿಂಗಾಲಿನಿಂದ ಒದ್ದು ಓಡಿತು. ಮತ್ತೆ ಬಂದಿತು, ಮತ್ತೆ ಒದೆತ. ಕೆಂಪು ಚುಕ್ಕೆಯದು ಬಂದಾಗ ನಿಂತಿತು. ಇನ್ನೊಂದು ಹೆಣ್ಣನ್ನು ಬಿಟ್ಟೆವು, ಆಮೇಲೆ ಮತ್ತೊಂದು. ಬಣ್ಣದ ಮೇಲಿನ ಸಿಟ್ಟಿರಬಹುದೆಂದು ಊಟದ ನಂತರ ಹೊಸ ಗಂಡುಗಳಿಗೆ ಬಣ್ಣ ಅದಲುಬದಲು ಮಾಡಿದೆ. ಆಗ ಕೆಂಪಿನವು ಒದೆತ ತಿಂದವು. ಒಂದೆರಡು ಹೆಣ್ಣುಗಳು ಸಾಯುವ ಸಂತತಿಯ ಗಂಡನ್ನೂ ಒಪ್ಪಿದವು, ಸುಳ್ಳು ಹೇಳುವುದಿಲ್ಲ. ಉಳಿದವೆಲ್ಲ ಒದ್ದವು. ಭೂತಗನ್ನಡಿಯಲ್ಲಿ ಎಷ್ಟು ನೋಡಿದರೂ ಆ ಗಂಡುಗಳಿಗೂ ಈ ಗಂಡುಗಳಿಗೂ ನನಗೆ ಭೇದ ಕಾಣಲಿಲ್ಲ. ಇನ್ನೂ ಹುಟ್ಟದ ಮರಿಗಳ ಸಾವು ಆ ಹೆಣ್ಣುಗಳಿಗೆ ಮುಂಚೆಯೇ ಎಲ್ಲಿಂದಲೋ ತಿಳಿದಂತಿತ್ತು.

"ಇವುಕ್ಕೆ ಯಾರು ಹೇಳಿದ್ರು?" ಎಂದಳು ಪಾರ್ವತಿ ಮೆಲ್ಲಗೆ.

ಗೌರಮ್ಮ ತಟ್ಟೆಯಿಂದ ಕಣ್ಣು ತೆಗೆಯದೆ ಮಾತಾಡಿದರು.

"ನಾನೂ ಬೇಡ ಅಂದಿದ್ದೆ."

ರೈಟರು ತಲೆ ಎತ್ತಿದರು.

"ಇವರು ಹೆಣ್ಣು ನೋಡೋಕೆ ಬಂದಿದ್ರಲ್ಲ, ಅವತ್ತು. ಯಾಕೆ ಬೇಡ ಅಂತ ಅಮ್ಮ ಕೇಳಿದ್ರು. ಯಾಕೆ ಅಂತ ನಂಗೂ ಗೊತ್ತಿರ್ಲಿಲ್ಲ. ಒಳ್ಳೇ ಮನೆ, ಒಳ್ಳೇ ಹುಡುಗ. ಬೇಡ ಅನ್ನಿಸ್ತು, ಅಷ್ಟೇ. ಮದುವೆ ಮಾಡಿದ್ರು."

"ಇಷ್ಟು ವರ್ಷದಲ್ಲಿ ಒಂದಿನಾನೂ ಹೇಳ್ಲಿಲ್ವಲ್ಲ," ಎಂದರು ರೈಟರು.

"ನೀವು ಲೈನಿನ ಹೆಂಗಸರನ್ನೆಲ್ಲ ಕೇಳಿದ್ರಿ. ನನ್ನ ಕೇಳ್ಲಿಲ್ಲ."

ಗೌರಮ್ಮನ ಧ್ವನಿಯಲ್ಲಿ ಸಿಟ್ಟಿರಲಿಲ್ಲ. ಅದನ್ನು ಕೇಳಲು ಕಷ್ಟವಾದದ್ದು ಅದಕ್ಕೇ. ರೈಟರು ಎದ್ದುಹೋಗಿ ಅದೇ ಬಿಳಿ ಹಾಳೆ ತಂದು ನನ್ನ ಮುಂದೆ ಹಿಡಿದರು.

"ಈಗಂತೂ ಗೊತ್ತಾಯ್ತಲ್ಲ. ಬರೀರಿ."

ನಾನು ಬರೆಯಬಹುದಿತ್ತು. ಕಣ್ಣಾರೆ ಕಂಡಿದ್ದೆ. ಬರೆದಿದ್ದರೆ ನನ್ನ ಮೇಲಿನ ಭಾರವೂ ಆ ಹಾಳೆಯಲ್ಲೇ ಇಳಿದುಹೋಗುತ್ತಿತ್ತು. ಆದರೆ ಗೌರಮ್ಮ ನಿಜ ಹೇಳಿದ ಮೇಲೆ ನಾನು ನನ್ನದನ್ನು ಮುಚ್ಚಿಡುವುದು ಹೇಗೆ?

"ನಾ ಬ್ಯಾಡ ಅಂದಿರಲಿಲ್ರಿ," ಎಂದೆ. "ನಮ್ಮ ಮನಿಯವರು ನಮ್ಮ ಸಾಲ್ಯಾಗಿನ ಮಾಸ್ತರು. ನಾನ ನೋಡಿ ಒಪ್ಪಿದ್ದು. ಅಪ್ಪಗ ಮನಸಿರಲಿಲ್ಲ, ಹಟ ಹಿಡದು ಮದುವಿ ಆದೆ. ಒಂದು ದಿನನೂ ಅವರು ಬ್ಯಾಡ ಅನಸಿಲ್ಲ. ಆದರೂ ಎರಡೂ ಹೋದುವು. ಹುಳದ್ದು ಹುಳಕ್ಕ ಖರೆ ಅದರಿ, ನೀವು ಕಂಡದ್ದು ಸಣ್ಣ ಮಾತಲ್ಲ. ನಮಗೂ ಹಂಗ ಅದನೋ ಇಲ್ಲೋ, ನನಗ ಗೊತ್ತಿಲ್ಲ. ಗೊತ್ತಿಲ್ಲದ್ದಕ್ಕ ಸಹಿ ಹಾಕೂದಿಲ್ಲ."

ರೈಟರು ಹಾಳೆ ಮಡಚಿಟ್ಟರು. ಪಾರ್ವತಿ ಎದ್ದು ಹುಳಗಳನ್ನು ಒಂದೊಂದಾಗಿ ಸೀಸೆಗೆ ತುಂಬಿದಳು. ತುಂಬಿ ಮುಗಿದ ಮೇಲೆ, "ನಾಳೆ ಅವರು ಬಂದಾಗ ನಾನೇ ಮಾತಾಡ್ತೀನಿ," ಎಂದಳು. ಅಪ್ಪನ ಅಪ್ಪಣೆ ಕೇಳಿದಂತಿರಲಿಲ್ಲ.

ನಾಲ್ಕನೆಯ ದಿನ

ಮಹಾದೇವ ಮಾಸ್ತರು ಸೈಕಲ್ಲನ್ನು ಬಸ್ಸಿನ ಮೇಲೆ ಹಾಕಿಸಿಕೊಂಡು ಬಂದಿದ್ದರು. ಕೆಂಪು ಮಣ್ಣು ಮೆತ್ತಿದ ಪ್ಯಾಂಟು, ಕಾಲಿಗೆ ಕಚ್ಚಿದ ಇಂಬಳ ಎಂಬ ಕಾಡುಜಿಗಣೆಯಿಂದ ಇಳಿದ ರಕ್ತ. ಅದನ್ನು ಅವರು ಗಮನಿಸಿರಲೂ ಇಲ್ಲ. ಕಾಫಿ ಕುಡಿದಾದ ಮೇಲೆ ಪಾರ್ವತಿ ಹೊರಗೆ ನಡೆದಳು. ಅವರು ಹಿಂದೆ ಹೋದರು. ನಾವು ಜಗಲಿಯಲ್ಲಿ ಕುಳಿತು ನೋಡಿದೆವು. ಹರವಿದ ಕಾಫಿಯ ನಡುವೆ ಇಬ್ಬರೂ ಎದುರುಬದುರು ನಿಂತಿದ್ದರು. ಅವಳೇ ಮಾತಾಡುತ್ತಿದ್ದಳು. ಮಂಜು ಬಂದು ಇಬ್ಬರನ್ನೂ ಮುಚ್ಚಿತು. ಅದರೊಳಗಿಂದ ಇದ್ದಕ್ಕಿದ್ದಂತೆ ನಗು ಕೇಳಿಸಿತು, ಇಬ್ಬರದೂ. ಥಟ್ಟನೆ ನಿಂತುಹೋಯಿತು. ಮಂಜು ಸರಿದಾಗ ಅವರು ಮೊದಲಿಗಿಂತ ಒಂದು ಹೆಜ್ಜೆ ಹತ್ತಿರ ನಿಂತಿದ್ದರು, ಇಬ್ಬರ ಮುಖವೂ ಬಿಳಿಚಿಕೊಂಡಿತ್ತು.

ಬಸ್ಸಿನವರೆಗೆ ಪಾರ್ವತಿ ನನ್ನ ಜೊತೆ ಬಂದಳು. ದಾರಿಯಲ್ಲಿ ಕೇಳಿದೆ.

"ಎಲ್ಲಾ ಹೇಳ್ದೆ. ಹುಳದ್ದು, ಆರು ಮಕ್ಕಳದ್ದು. ಅವರ ತಾಯಿಗೂ ನಾಲ್ಕು ಹೋಗಿದ್ವಂತೆ. ಅವರೂ ಅದನ್ನೇ ನಂಗೆ ಹೇಳೋಕೆ ಬಂದಿದ್ದಂತೆ, ಹೆಂಗೆ ಹೇಳೋದು ಅಂತ ದಾರಿಯುದ್ದಕ್ಕೂ ಯೋಚನೆ ಮಾಡ್ಕೊಂಡು. ನಗು ಬಂತು. ಆಮೇಲೆ ಇಬ್ರಿಗೂ ಹೆದ್ರಿಕೆ ಆಯ್ತು."

"ನಿನಗ ಏನನಸ್ತು?"

"ಬೇಡ ಅನ್ನಿಸ್ಲಿಲ್ಲ," ಎಂದಳು.

ಧಾರವಾಡ

ಪ್ರೊಫೆಸರರಿಗೆ ಕಂಡದ್ದನ್ನೆಲ್ಲ ಹೇಳಿದೆ. ಅವರು ಬಹಳ ಹೊತ್ತು ಕಣ್ಣು ಮುಚ್ಚಿ ಕೇಳಿದರು. ಇನ್ನೂ ಹತ್ತು ಕಡೆ ಮಾಡಿ ನೋಡಬೇಕು, ಅಲ್ಲಿಯವರೆಗೆ ಬಾಯಿ ಬಿಡಬಾರದು ಎಂದರು. ಕೆಲವು ತಿಂಗಳಲ್ಲೇ ಅವರು ತೀರಿಕೊಂಡರು.

ಪಾರ್ವತಿಯ ಮದುವೆಗೆ ಹೋಗಲು ನನಗೆ ಆಗಲಿಲ್ಲ. ಮದುವೆಯಾದ ಮರುವರ್ಷ ದಸರೆಯ ಹೊತ್ತಿಗೆ ಅವಳ ಕಾಗದ ಬಂತು, ಬಾಣಂತನಕ್ಕೆ ತವರಿಗೆ ಬಂದಲ್ಲಿಂದ. ಗಂಡು ಮಗು, ಅಂದಿಗೆ ಐವತ್ತು ದಿನ. 'ಅಪ್ಪ ದಿನವೆಲ್ಲ ತೊಟ್ಟಿಲ ಹತ್ತಿರ ಕೂತಿರುತ್ತಾರೆ. ಮಗು ಮಲಗಿದರೆ ಉಸಿರಾಡುತ್ತಿದೆಯೋ ಇಲ್ಲವೋ ಎಂದು ಮೂಗಿನ ಹತ್ತಿರ ಬೆರಳು ಹಿಡಿಯುತ್ತಾರೆ. ಅದು ಎಚ್ಚರವಾಗಿ ಅಳುತ್ತದೆ. ಅಮ್ಮ ಬೈಯುತ್ತಾರೆ. ಅಪ್ಪ ಕೇಳುವುದಿಲ್ಲ. ನನಗೂ ಹಾಗೆ ಮುಟ್ಟಿ ನೋಡಬೇಕೆನ್ನಿಸುತ್ತದೆ, ಅಪ್ಪ ಮಾಡುತ್ತಾರಲ್ಲ ಎಂದು ನಾನು ಸುಮ್ಮನಿರುತ್ತೇನೆ,' ಎಂದು ಬರೆದಿದ್ದಳು.

ಕಾಗದವನ್ನು ನನ್ನ ಗಂಡನಿಗೆ ಓದಿ ಹೇಳಿದೆ. ಕೊಡಗಿನಲ್ಲಿ ನಡೆದದ್ದನ್ನು, ಅಲ್ಲಿ ನಾನು ಒಂದು ಮಧ್ಯಾಹ್ನ ಏನು ಯೋಚಿಸಿದ್ದೆ ಎಂಬುದನ್ನೂ ಅಂದೇ ಹೇಳಿದೆ. ಅವರು ಕೋಪಿಸಿಕೊಳ್ಳಲಿಲ್ಲ. ಅದು ತನ್ನಿಂದಲೇ ಬಂದದ್ದೆಂದು ತಾನೂ ಅಂದುಕೊಂಡಿದ್ದೆ, ಆದರೆ ಆ ಮಾತು ತೆಗೆದರೆ ನೀನು ಎದ್ದುಹೋಗುತ್ತೀ ಎಂದು ಅಂಜಿಕೆಯಿತ್ತು ಎಂದರು. ನಾವಿಬ್ಬರೂ ನಮ್ಮ ಮಕ್ಕಳ ಬಗ್ಗೆ ಕುಳಿತು ಮಾತಾಡಿದ್ದು ಅದೇ ಮೊದಲು. ದೊಡ್ಡವನು ಹನ್ನೊಂದು ದಿನ ಇದ್ದ. ಎರಡನೆಯವಳು ನಾಲ್ಕು ದಿನ.

"ಆಕಿ ತಲಿತುಂಬ ಕೂದಲಿತ್ತು, ನೆನಪದ ಏನು ನಿನಗ? ಹಣಿಮ್ಯಾಲೆ ಬರ್ತಿತ್ತು," ಎಂದರು ಅವರು.

ನನಗೆ ಅದು ಮರೆತೇಹೋಗಿತ್ತು.